ವಿದಾಯ ಯಾನದ ದರವೂ ಹನ್ನೊಂದು ಯಾನಗಳ ನಿಷ್ಠೆಯೂ

ಪ್ರಯಾಣ ದರ ನಿಗದಿ ಹಾಗೂ ನಿಷ್ಠಾವಂತ ಗ್ರಾಹಕರ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಹಡಗು ಕಂಪನಿಯ ಮಾಸಪತ್ರಿಕೆಯ ಜನವರಿ ಸಂಚಿಕೆಯ ನಾಲ್ಕನೆಯ ಪುಟದಲ್ಲಿ ‘ನಿಷ್ಠೆಯೆಂದರೆ ಇವರು’ ಎಂಬ ತಲೆಬರಹದಡಿ ನನ್ನ ಭಾವಚಿತ್ರ ಅಚ್ಚಾಗಿದೆ. ಅದರ ಕೆಳಗೆ, ‘ಈ ನಿವೃತ್ತ ಶಿಕ್ಷಕರು ತಮ್ಮ ಪತ್ನಿಯೊಂದಿಗೆ ನಮ್ಮ ಹಡಗಿನಲ್ಲಿ ಹನ್ನೆರಡು ಯಾನಗಳನ್ನು ಪೂರೈಸಿದ್ದಾರೆ’ ಎಂದಿದೆ. ಒಂದು ವಾಕ್ಯ, ಎರಡು ತಪ್ಪು. ನನಗೆ ಮದುವೆಯಾಗಿಲ್ಲ; ಚಿತ್ರದಲ್ಲಿ ಪಕ್ಕದಲ್ಲಿರುವವಳು ನನಗಿಂತ ಏಳು ವರ್ಷ ದೊಡ್ಡವಳಾದ ನನ್ನ ಅಕ್ಕ. ನಾವು ಪೂರೈಸಿರುವುದು ಹನ್ನೊಂದು ಯಾನಗಳನ್ನು. ಹನ್ನೆರಡನೆಯದು ಇದೇ ತಿಂಗಳ ಇಪ್ಪತ್ತಮೂರರಂದು ಆರಂಭವಾಗಬೇಕಿತ್ತು. ಅದನ್ನು ನಮ್ಮ ಕೈಯಿಂದ ತಪ್ಪಿಸಿರುವುದು ನಿಮ್ಮದೇ ವಿಭಾಗ. ನಡೆಯದ ಯಾನಕ್ಕೆ ಹೊಗಳಿಕೆ, ನಡೆಯಬೇಕಾದ ಯಾನಕ್ಕೆ ಎರಡೂವರೆ ಪಟ್ಟು ದರ: ಎರಡೂ ಒಂದೇ ತಿಂಗಳು, ಒಂದೇ ಕಚೇರಿಯಿಂದ, ಒಂದೇ ಅಂಚೆಯಲ್ಲಿ ನನ್ನ ಮನೆಗೆ ಬಂದವು. ಅಂಚೆ ವೆಚ್ಚ ಉಳಿಸುವ ನಿಮ್ಮ ಜಾಣ್ಮೆಯನ್ನು ನಾನು ಮೆಚ್ಚುತ್ತೇನೆ.

ಮೊದಲು ‘ವಿಶೇಷ’ದ ವಿಚಾರ. ಈ ಋತುವಿನ ಕೈಪಿಡಿಯನ್ನು ನಾನು ಎರಡು ಬಾರಿ ಓದಿದ್ದೇನೆ. ಇಪ್ಪತ್ತೆರಡು ಯಾನಗಳಲ್ಲಿ ಹದಿನೆಂಟು ವಿಶೇಷ ಯಾನಗಳು. ಸಂಗೀತ ಯಾನಕ್ಕೆ ವಾದ್ಯಗಾರರಿದ್ದಾರೆಂದು ಹೆಚ್ಚಿನ ದರ. ಮೌನ ಯಾನಕ್ಕೆ ವಾದ್ಯಗಾರರಿಲ್ಲವೆಂದು ಇನ್ನೂ ಹೆಚ್ಚಿನ ದರ. ಬೆಳದಿಂಗಳ ಯಾನದಲ್ಲಿ ಮೋಡ ಕವಿದರೆ ಹಣ ಮರಳಿಸುವುದಿಲ್ಲ. ಉಳಿದ ನಾಲ್ಕು ಸಾಮಾನ್ಯ ಯಾನಗಳಲ್ಲಿ ಮೂರರ ಅವಧಿಗೆ ಹಡಗು ದುರಸ್ತಿಗೆ ನಿಂತಿರುತ್ತದೆಂದು ಕೊನೆಯ ಪುಟದ ಸಣ್ಣಕ್ಷರಗಳು ತಿಳಿಸುತ್ತವೆ. ಹೀಗೆ ಇಡೀ ಋತುವಿನಲ್ಲಿ ಸಾಮಾನ್ಯ ಮನುಷ್ಯರಿಗೆಂದು ಉಳಿದದ್ದು ಒಂದೇ ಒಂದು ಸಾಮಾನ್ಯ ಯಾನ: ಮಾರ್ಚ್ ತಿಂಗಳಿನದು, ನಾಲ್ಕು ರಾತ್ರಿಗಳದು, ಹೆಸರಿಲ್ಲದ್ದು. ನಾವು ಪ್ರತಿವರ್ಷ ಹೋಗುತ್ತಿದ್ದುದು ಅದರಲ್ಲೇ. ಹಡಗನ್ನು ಗುಜರಿಗೆ ಮಾರಲು ಜನವರಿಯಲ್ಲಿ ತೀರ್ಮಾನಿಸಿದಿರಿ. ಆ ಬಡಪಾಯಿ ಯಾನಕ್ಕೂ ‘ವಿದಾಯ ಯಾನ’ ಎಂದು ನಾಮಕರಣವಾಯಿತು. ‘ನಿಷ್ಠಾ ರಿಯಾಯಿತಿ ವಿಶೇಷ ಯಾನಗಳಿಗೆ ಅನ್ವಯಿಸುವುದಿಲ್ಲ’ ಎಂಬ ನಿಯಮವಿರುವಾಗ, ನನ್ನ ಕೋಟಿಗೆ ನೀವು ಚುಚ್ಚಿದ ಚಿನ್ನದ ಬಣ್ಣದ ಬಿಲ್ಲೆಯನ್ನು ನಾನು ಯಾವ ಹಡಗಿನಲ್ಲಿ ತೋರಿಸಬೇಕು?

ನ್ಯಾಯಕ್ಕಾಗಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ದರ ಏರುವ ಮುನ್ನ ಸೀಟು ಖಚಿತಪಡಿಸಿಕೊಂಡವರಿಗೆ ಹಳೆಯ ದರವನ್ನೇ ಉಳಿಸಿದ್ದೀರಿ. ನಾನು ಕಳೆದ ಜೂನ್‌ನಲ್ಲೇ ಅರ್ಧ ಹಣ ಮುಂಗಡ ಕಟ್ಟಿದ್ದೆ. ಮೂವತ್ತು ದಿನಗಳೊಳಗೆ ಸಹಿ ಮಾಡಿ ಹಿಂದಿರುಗಿಸಬೇಕಾದ ನಮೂನೆಯನ್ನು ನೀವು ಕಳುಹಿಸಿದಿರಿ. ಅದರಲ್ಲಿ ‘ಜೊತೆಗಾರರ ಸಂಬಂಧ’ ಎಂಬಲ್ಲಿ ‘ಪತ್ನಿ’ ಎಂದು ಅಚ್ಚಾಗಿತ್ತು. ನಾನು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು, ‘ಅಕ್ಕ’ ಎಂದು ಬರೆದು, ‘ದೋಷರಹಿತ ಪ್ರತಿ ಕಳುಹಿಸಿದರೆ ಸಹಿ ಮಾಡುವೆ’ ಎಂದು ಅಂಚಿನಲ್ಲಿ ಸೂಚಿಸಿ, ಒಂಬತ್ತನೆಯ ದಿನವೇ ರಿಜಿಸ್ಟರ್ ಅಂಚೆಯಲ್ಲಿ ಹಿಂದಿರುಗಿಸಿದೆ. ಮೂವತ್ತೆಂಟು ವರ್ಷ ನಾನು ಮಾಡಿದ ಕೆಲಸವೇ ಇದು: ತಪ್ಪಿದ್ದ ಕಾಗದವನ್ನು ತಿದ್ದಿ ವಾಪಸು ಕೊಡುವುದು, ಸರಿಯಾಗಿ ಬರೆದು ತಂದಾಗ ಸಹಿ ಹಾಕುವುದು. ನಿಮ್ಮಿಂದ ಪ್ರತಿ ಬರಲಿಲ್ಲ. ಫೆಬ್ರವರಿಯಲ್ಲಿ ವಿಚಾರಿಸಲು ಬಂದರೆ, ಗಾಜಿನ ಹಿಂದಿದ್ದ ನಿಮ್ಮ ಕೌಂಟರಿನ ಹೆಣ್ಣುಮಗಳು ನನ್ನ ಕಾಗದವನ್ನು ಎರಡು ಬೆರಳಲ್ಲಿ ಹಿಡಿದೆತ್ತಿದಳು.

“ಸಾರ್, ನಿಮ್ಮದು ಕನ್‌ಫರ್ಮೇ ಆಗಿಲ್ಲ. ಸೈನೇ ಇಲ್ವಲ್ಲ.”

“ತಪ್ಪಿರೋ ಕಾಗದಕ್ಕೆ ಸೈನ್ ಹಾಕೋದು ಹೇಗಮ್ಮಾ? ತಿದ್ದಿ ಕಳಿಸಿದ್ನಲ್ಲ?”

“ತಿದ್ದಿ ಅಂತ ನಿಮ್ಮನ್ನ ಯಾರು ಕೇಳಿದ್ರು ಸಾರ್? ಸೈನ್ ಮಾಡಿ ಅಂತ ತಾನೇ ಇರೋದು?”

ಸಾಲಿನಲ್ಲಿ ನನ್ನ ಹಿಂದಿದ್ದ ಗೃಹಸ್ಥರೊಬ್ಬರು ನನ್ನ ಭುಜದ ಮೇಲಿಂದ ಕೆಂಪು ಶಾಯಿಯನ್ನು ನೋಡಿದರು. “ಮೇಷ್ಟ್ರಾ ನೀವು? ಅದಕ್ಕೇ! ಇಲ್ನೋಡಿ ನನ್ನ ಫಾರಂ. ನನ್ನ ಮಗಂಗೆ ಎಪ್ಪತ್ತೊಂದು ವರ್ಷ ಅಂತ ಹಾಕಿದಾರೆ. ಕಣ್ಮುಚ್ಕೊಂಡು ಸೈನ್ ಮಾಡ್ದೆ. ಹಳೇ ರೇಟೇ ಸಿಕ್ತು!”

“ತಮಗೆಷ್ಟು ವಯಸ್ಸು?” ಎಂದೆ.

“ನಲವತ್ತಾರು.”

ನಿಮ್ಮ ಸಿಬ್ಬಂದಿ ನಕ್ಕರು. ನಾನು ನಗಲಿಲ್ಲ. ತಂದೆಗಿಂತ ಇಪ್ಪತ್ತೈದು ವರ್ಷ ಹಿರಿಯನಾದ ಮಗನಿಗೆ ನಿಮ್ಮ ಹಡಗಿನಲ್ಲಿ ಜಾಗ ಖಚಿತವಾಗಿದೆ; ನನ್ನ ಅಕ್ಕನಿಗೆ ಇಲ್ಲ. ತಪ್ಪನ್ನು ಒಪ್ಪಿದವನು ನಿಷ್ಠಾವಂತ, ತೋರಿಸಿದವನು ಹೊಸ ಗಿರಾಕಿ ಎಂಬುದು ನಿಮ್ಮ ನೀತಿಯಾದರೆ ಅದನ್ನೂ ಕೈಪಿಡಿಯಲ್ಲಿ ಅಚ್ಚು ಹಾಕಿಸಿ, ಸಣ್ಣಕ್ಷರದಲ್ಲಾದರೂ ಸರಿ.

ಈ ಅಕ್ಕ ಯಾರೆಂದು ನೀವು ತಿಳಿದಿರಬೇಕು. ಬಂದರಿನ ಹಿಂದಿನ ರಸ್ತೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಇದೇ ಹಡಗಿನ ಬಟ್ಟೆಗಳಿಗೆ ಇಸ್ತ್ರಿ ಹಾಕಿದವಳು. ಆ ದುಡ್ಡಿನಲ್ಲಿ ನಾನು ಶಿಕ್ಷಕನಾದೆ. ಅಷ್ಟೂ ವರ್ಷ ಅವಳು ಹಡಗಿನೊಳಗೆ ಕಾಲಿಟ್ಟಿರಲಿಲ್ಲ. ಆ ಲಾಂಡ್ರಿಯಲ್ಲೊಂದು ಕಟ್ಟಳೆಯಿತ್ತು: ಇಸ್ತ್ರಿ ಹಾಕುವ ಪ್ರತಿಯೊಬ್ಬಳೂ ತನ್ನ ಪಾಲಿನ ಬಟ್ಟೆಯ ಮೂಲೆಯಲ್ಲಿ ತನ್ನ ಬಣ್ಣದ ದಾರದಿಂದ ಎರಡು ಹೊಲಿಗೆ ಹಾಕಬೇಕು. ಬಟ್ಟೆ ಸುಟ್ಟು ಬಂದರೆ ಯಾರ ಸಂಬಳದಲ್ಲಿ ಹಿಡಿಯಬೇಕೆಂದು ಗೊತ್ತಾಗಲು. ಅಕ್ಕನದು ಹಸಿರು. ಮೊದಲ ಯಾನದಲ್ಲಿ ಅವಳು ಊಟದ ಕೋಣೆಯ ಮೇಜುಬಟ್ಟೆಗಳ ಮೂಲೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಹತ್ತೊಂಬತ್ತು ಹಸಿರು ಗುರುತುಗಳು ಸಿಕ್ಕವು. ವರ್ಷ ಕಳೆದಂತೆ ಬಟ್ಟೆಗಳು ಸವೆದವು. ಕಳೆದ ವರ್ಷ ಸಿಕ್ಕದ್ದು ಒಂದೇ, ಕಿಟಕಿಯ ಬದಿಯ ಮೇಜಿನದು. ಹಡಗು ಗುಜರಿಗೆ ಹೋಗುವ ಸುದ್ದಿ ಓದಿ ಹೇಳಿದಾಗ ಅವಳು ಅಂದದ್ದಿಷ್ಟು: “ಅದನ್ನ ಬಿಚ್ಕೊಂಡು ಬರ್ಬೇಕು ಕಣೋ. ಸುಟ್ರೆ ಸಂಬಳ ಹಿಡೀಲಿ ಅಂತ ಹಾಕಿದ್ದ ಗುರುತು. ಒಂದು ದಿನಾನೂ ಸುಡ್ಲಿಲ್ಲ ನಾನು. ನನ್ನ ದಾರ ಗುಜರಿಗೆ ಹೋಗ್ಬಾರ್ದು.”

ಕೌಂಟರಿನಿಂದ ನಾನು ಬರಿಗೈಲಿ ಹಿಂದಿರುಗಿದಾಗ ಅವಳು ನನ್ನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ನಡೆದದ್ದನ್ನು ವಿವರಿಸಿದೆ. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ನನ್ನನ್ನು ನೋಡಿದಳು.

“ಹೆಂಡ್ತಿ ಅಂತ ಬರ್ದ್ರೆ ಬರ್ಕೊಳ್ಳಲಿ ಬಿಡೋದಲ್ವಾ? ಹಡಗಲ್ಲಿ ಯಾರಾದ್ರೂ ಬಂದು ಮದುವೆ ಫೋಟೋ ಕೇಳ್ತಿದ್ರಾ? ನಿನ್ನ ಕೆಂಪು ಪೆನ್ನಿಗಿಷ್ಟು ಬೆಂಕಿ ಬೀಳ! ಮಕ್ಕಳ ಪ್ರಾಣ ತಿಂದದ್ದು ಸಾಲ್ದು ಅಂತ ಈಗ ಕಂಪನಿಯವ್ರದ್ದೂ ಬೇಕಿತ್ತಾ?”

“ತಪ್ಪು ತಪ್ಪೇ ಅಕ್ಕ.”

“ಸರಿ, ನೂರಕ್ಕೆ ನೂರು ತಗೋ. ಈಗ ಹೇಳು, ಹೊಸ ರೇಟಲ್ಲಿ ಎಷ್ಟು ಜನ ಹೋಗ್ಬೋದು?”

“ಇರೋ ದುಡ್ಡೆಲ್ಲಾ ಸೇರ್ಸಿದ್ರೂ ಒಬ್ರು.”

“ಹಾಗಾದ್ರೆ ನಾನು ಹೋಗ್ತೀನಿ.”

ನೀನಿಲ್ಲದೆ ನನಗೂ ಬೇಡ ಎಂದಾಳೆಂದು ನಿರೀಕ್ಷಿಸಿದ್ದೆ ಎಂಬುದನ್ನು ಬಹಿರಂಗವಾಗಿ ಒಪ್ಪಿಕೊಳ್ಳುತ್ತೇನೆ. ಅವಳು ಅನ್ನಲಿಲ್ಲ. “ನೀನಿದ್ರೆ ಊಟದ ಕಾರ್ಡಲ್ಲೂ ತಪ್ಪು ಹುಡುಕ್ತಾ ಕೂತಿರ್ತೀಯ. ಸಾರು ಆರಿ ಹೋಗತ್ತೆ,” ಎಂದು ಕಾಲರಿನ ಮೇಲೆ ನೀರು ಚಿಮುಕಿಸಿದಳು.

ಆದುದರಿಂದ ಈ ದಿನ ಬೆಳಿಗ್ಗೆ ವಿದಾಯ ಯಾನದ ಒಂದು ಟಿಕೆಟ್ಟನ್ನು ನಿಮ್ಮ ವಿಶೇಷ ದರದಲ್ಲಿ, ಪೂರ್ತಿ ಹಣ ಕೊಟ್ಟು ಖರೀದಿಸಿದ್ದೇನೆ. ನಮೂನೆಯನ್ನು ಓದದೆ ಸಹಿ ಹಾಕಿದ್ದೇನೆ. ಮೂವತ್ತೆಂಟು ವರ್ಷಗಳ ಸೇವೆಯಲ್ಲಿ ನಾನು ಹೀಗೆ ಮಾಡಿದ್ದಿಲ್ಲ.

ನನ್ನ ಬೇಡಿಕೆಗಳಿಗೆ ಬರುತ್ತೇನೆ. ಮುಂಗಡ ಪಡೆದ ಮೇಲೆ ಯಾನವೊಂದನ್ನು ವಿಶೇಷವೆಂದು ಘೋಷಿಸಿದರೆ, ಮುಂಗಡ ಕೊಟ್ಟವರಿಗೆ ಆ ಘೋಷಣೆ ತಗಲಬಾರದು. ಬರೆದ ಪತ್ರಕ್ಕೆ ಉತ್ತರ ಕೊಡದೆ ಗಡುವು ಮುಗಿಯಿತೆನ್ನುವ ಅಧಿಕಾರ ನಿಮಗಿರಬಾರದು. ಇವೆರಡನ್ನೂ ನಿಯಮಾವಳಿಯಲ್ಲಿ ಸೇರಿಸಿ. ನಾನು ತಿದ್ದಿ ಕಳುಹಿಸಿದ್ದು ನನ್ನ ಹಟ. ಅದರ ದಂಡವನ್ನು ನಾನು ದಡದಲ್ಲಿ ನಿಂತು ತೆರುತ್ತೇನೆ, ನನಗಾಗಿ ರಿಯಾಯಿತಿ ಬೇಡುವುದಿಲ್ಲ.

ಇನ್ನು ಅಕ್ಕನ ಪರವಾಗಿ. ಎಪ್ಪತ್ತೊಂಬತ್ತು ವರ್ಷದ ಹೆಂಗಸೊಬ್ಬಳು ಊಟದ ಕೋಣೆಯಲ್ಲಿ ಪುಟ್ಟ ಕತ್ತರಿ ಹಿಡಿದು ಮೇಜುಬಟ್ಟೆಯ ಮೂಲೆ ಎತ್ತಿದರೆ ನಿಮ್ಮ ಸಿಬ್ಬಂದಿ ತಡೆಯಬಾರದು. ದಡದಿಂದ ಹಡಗಿಗೆ ಹತ್ತುವ ಏಣಿಗೆ ಮೂವತ್ತನಾಲ್ಕು ಮೆಟ್ಟಿಲುಗಳು. ಹನ್ನೊಂದು ಬಾರಿ ಎಣಿಸಿದ್ದೇನೆ. ಮೊದಲ ಇಪ್ಪತ್ತನ್ನು ಅವಳು ತಾನೇ ಹತ್ತುತ್ತಾಳೆ, ಹಿಡಿಯಲು ಬಂದವರನ್ನು ಬೈಯುತ್ತಾಳೆ. ಅಲ್ಲಿಂದ ಮೇಲೆ ಎಡ ಮಂಡಿ ಬಗ್ಗುವುದಿಲ್ಲ. ಆದರೂ ಬಾಯಿಬಿಟ್ಟು ಕೇಳುವುದಿಲ್ಲ. ಇಪ್ಪತ್ತೊಂದನೆಯ ಮೆಟ್ಟಿಲಿನಲ್ಲಿ ಯಾರಾದರೊಬ್ಬರು, ಆಕಸ್ಮಿಕವಾಗಿ ಅಲ್ಲಿದ್ದವರಂತೆ, ಅವಳ ಎಡಗಡೆ ನಿಂತಿರಬೇಕು. ಇದುವರೆಗೆ ಆ ಕೆಲಸ ನನ್ನದಾಗಿತ್ತು.

ಇಂತಿ,
ಇಪ್ಪತ್ತಮೂರರಂದು ಟಿಕೆಟ್ಟಿಲ್ಲದೆ ಬಂದರಿನ ಕಟಕಟೆಯ ಈಚೆ ನಿಲ್ಲಲಿರುವ,
ಹನ್ನೊಂದು ಯಾನಗಳ ನಿವೃತ್ತ ಶಾಲಾಮಾಸ್ತರ

೨೦೨೪ನೆಯ ಇಸವಿ ಮಾರ್ಚ್ ೧೪, ಗುರುವಾರ, ಬೆಳಿಗ್ಗೆ ೧೧ ಗಂಟೆ ೨೦ ನಿಮಿಷ