ಎರಡು ಪದರದ ಜೇಬು

ನನ್ನ ಹೂಂ-ಪುಟ್ಟನಿಗೆ,

ಹಳೇ ಅಡ್ಡಹೆಸರು ನೋಡಿ ಮುಖ ಗಂಟಿಕ್ಕಬೇಡ. ಪಕ್ಕದ ಮನೆ ಬೆಕ್ಕು ಹಾಲು ಕುಡಿದು ಹೋದರೂ "ಹೂಂ, ನಾನೇ ಕುಡಿದೆ" ಎಂದು ಅಮ್ಮನ ಹತ್ತಿರ ಬೈಸಿಕೊಳ್ಳುತ್ತಿದ್ದವನು ನೀನು. ಆಗ ನಗು ಬರುತ್ತಿತ್ತು. ಈ ಸಲ ಲಿಫ್ಟ್ ಕುಸಿದ ಕೇಸಿನಲ್ಲಿ ಪೊಲೀಸ್ ಠಾಣೆಯಲ್ಲೂ "ಹೂಂ, ತಪ್ಪು ನಂದೇ" ಅಂದುಬಿಟ್ಟೆಯಲ್ಲ, ಅಂದಿನಿಂದ ನಿನ್ನ ಅಕ್ಕ ನಗುವುದನ್ನೇ ಮರೆತಿದ್ದಾಳೆ.

ನೀನಿರುವ ಲಾಕಪ್ಪಿಗೆ ಈ ಪತ್ರ ತಂದಿರುವವರು ಒಬ್ಬ ಲಾಯರಮ್ಮ. ಓದಿದ ಮೇಲೆ ಅವರ ಕೈಗೇ ವಾಪಸ್ ಕೊಡು. ಅವರು ನಿನ್ನ ಮುಂದೆ ಒಂದು ವಕಾಲತ್ತು ಇಡುತ್ತಾರೆ. ಮಧ್ಯಾಹ್ನ ನಿನ್ನ ಯಜಮಾನರ ವಕೀಲರು ಇನ್ನೊಂದು ಹಿಡಿದುಕೊಂಡು ಬರುತ್ತಾರಂತೆ. ಕೋರ್ಟಿನಲ್ಲಿ ನಿನ್ನ ಪರವಾಗಿ ಯಾರು ಬಾಯಿ ತೆರೆಯಬೇಕು ಎನ್ನುವುದನ್ನು ನಿನ್ನ ಸಹಿಯೊಂದೇ ತೀರ್ಮಾನಿಸುತ್ತದೆ. ಒಡಹುಟ್ಟಿದ ಅಕ್ಕನಿಗೂ ಆ ಹಕ್ಕಿಲ್ಲ. ಹಕ್ಕಿಲ್ಲದಿದ್ದರೇನು, ಹಟವಂತೂ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಯಜಮಾನರು ಮನೆಗೆ ಬಂದಿದ್ದರು. ನನ್ನ ಹೊಲಿಗೆ ಮಿಷನ್ನಿನ ಸ್ಟೂಲಿನ ಮೇಲೆ ಕೂತು, "ಅವನು ನನ್ನ ಮಗ ಇದ್ದ ಹಾಗಮ್ಮ. ವಕೀಲರನ್ನ ನಾನೇ ಇಡ್ತೀನಿ. ತಪ್ಪೊಪ್ಕೊಂಡ್ರೆ ಬೇಗ ಮುಗಿಯುತ್ತೆ" ಎಂದರು. ಅವರ ಕಣ್ಣಲ್ಲಿ ನೀರಿತ್ತು, ನನ್ನ ಮನಸ್ಸೂ ಕರಗಿತ್ತು. ಸ್ಕ್ರೂಡ್ರೈವರ್ ಹಿಡಿಯಲು ಬಾರದ ನಿನ್ನನ್ನು ಲಿಫ್ಟ್ ಮೆಕ್ಯಾನಿಕ್ ಮಾಡಿದವರು ಅವರೇ, ಆ ಋಣವನ್ನು ನಾನು ಮರೆತಿಲ್ಲ. ಆದರೂ ಒಂದು ಮಾತು ಕೇಳಿದೆ: "ಬ್ರೇಕ್ ಸವೆದಿದೆ ಅಂತ ಇವನು ನಿಲ್ಲಿಸಿ ಹೋದ ಲಿಫ್ಟನ್ನ ಮತ್ತೆ ಓಡಿಸಿದ್ದು ಯಾರು?" ಅವರು ತಕ್ಷಣ ಎದ್ದು ಚಪ್ಪಲಿ ಮೆಟ್ಟಿಕೊಂಡರು. "ಈಗ ಅದೆಲ್ಲ ಯಾಕಮ್ಮ?" ಎಂದರು.

ಈಗಲ್ಲದೆ ಇನ್ಯಾವಾಗ? ನಾನು ದರ್ಜಿ, ಕಾನೂನು ಓದಿದವಳಲ್ಲ. ಆದರೆ ಒಂದೇ ಅಂಗಿಯನ್ನು ಇಬ್ಬರ ಅಳತೆಗೆ ಹೊಲಿಯಲಾಗುವುದಿಲ್ಲ ಎನ್ನುವುದು ನನಗೆ ಗೊತ್ತು. ಯಜಮಾನರ ವಕೀಲರು ಯಜಮಾನರನ್ನು ಉಳಿಸಲು ಇರುವವರು. ಅವರನ್ನು ನಂಬಿ ನಿನ್ನನ್ನು ಒಪ್ಪಿಸುವುದು ಕುರಿ ಕಾಯಲು ತೋಳನನ್ನು ಇಟ್ಟ ಹಾಗೆ.

ಆಮೇಲೆ ಎಲ್ಲರೂ ಹೊಗಳುವ ಒಬ್ಬ ದೊಡ್ಡ ವಕೀಲರ ಹತ್ತಿರ ಹೋದೆ. ಗೋಡೆ ತುಂಬ ಹಾರ ಹಾಕಿಸಿಕೊಂಡ ಅವರದೇ ಫೋಟೋಗಳು. ನಾನು ಕೂರುವ ಮೊದಲೇ, "ನಿಮ್ಮ ಹುಡುಗ ಮನೆಗೆ ಬಂದ ಅಂತಲೇ ತಿಳ್ಕೊಳ್ಳಿ" ಎಂದು ಅಭಯ ಕೊಟ್ಟರು. ನನಗೂ ಹಾಯೆನಿಸಿತು, ಸುಳ್ಳೇಕೆ. ಹೊರಡುವಾಗ ಮಾತ್ರ, "ಕಳ್ಳತನದ ಕೇಸು ನಮಗೆ ನೀರು ಕುಡಿದಷ್ಟು ಸುಲಭ" ಎಂದರು! ನಿನ್ನ ಜನ್ಮದಲ್ಲಿ ಒಂದು ಮೊಳೆಯನ್ನೂ ಕದ್ದವನಲ್ಲ ನೀನು. ಅಲ್ಲಿಂದ ಹಿಂತಿರುಗಿ ನೋಡದೆ ಮೆಟ್ಟಿಲಿಳಿದೆ.

ಈ ಲಾಯರಮ್ಮನ ಆಫೀಸು ಒಂದು ಜೆರಾಕ್ಸ್ ಅಂಗಡಿಯ ಹಿಂದಿದೆ. ಕುರ್ಚಿಯ ಒಂದು ಕಾಲಿಗೆ ಮಡಚಿದ ರಟ್ಟು ಕೊಟ್ಟಿದ್ದಾರೆ. ಇವರೆಂಥ ಕೇಸು ನಡೆಸುತ್ತಾರೋ ಎಂದುಕೊಂಡೇ ಕೂತೆ. ಅವರು ಯಾವ ಭರವಸೆಯನ್ನೂ ಕೊಡಲಿಲ್ಲ, ಬರೀ ಕೇಳಿದರು. ಇಂಥ ಕೇಸು ಮೊದಲು ನಡೆಸಿದ್ದೀರಾ ಎಂದು ನಾನು ಕೇಳಿದ್ದಕ್ಕೂ ಸಿಟ್ಟಾಗಲಿಲ್ಲ. ಗೆದ್ದದ್ದನ್ನು ಹೇಳಿದರು, ಸೋತದ್ದನ್ನೂ ಹೇಳಿದರು. ಆ ಲಿಫ್ಟಿನಲ್ಲಿದ್ದು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿರುವ ಸಂಗೀತದ ಟೀಚರನ್ನು ನೋಡಿ ಬರಲೇ ಎಂದರೆ, "ಬೇಡಮ್ಮ, ಸಾಕ್ಷಿ ಹೇಳೋವ್ರು ಅವರು. ಹೆದರಿಸೋಕೆ ಹೋಗಿದ್ರಿ ಅಂತಾರೆ" ಎಂದು ತಡೆದರು. ನೀನು ಠಾಣೆಯಲ್ಲಿ ಆಡಿದ ಮಾತು ಕೊನೆಯ ಮಾತಲ್ಲವಂತೆ. ಇನ್ನು ಮುಂದೆ ತಮ್ಮನ್ನು ಕೇಳದೆ ತುಟಿ ಬಿಚ್ಚಬಾರದಂತೆ.

ಆಮೇಲೆ ಯಾರೂ ಕೇಳದ್ದನ್ನು ಕೇಳಿದರು. "ನಿಮ್ಮ ತಮ್ಮ ಲಿಫ್ಟ್ ನಿಲ್ಲಿಸೋದು ಹೇಗಮ್ಮ?"

ನಾನು ನಗುತ್ತಲೇ ಹೇಳಿದೆ. ಫ್ಯೂಸ್ ಕಿತ್ತು ಅಂಗಿ ಜೇಬಿಗೆ ಹಾಕಿಕೊಳ್ಳುತ್ತಾನೆ, ತಾನು ಹೇಳುವ ತನಕ ಯಾರೂ ಲಿಫ್ಟ್ ಓಡಿಸಬಾರದು ಅಂತ. ಪಿಂಗಾಣಿ ಫ್ಯೂಸಿನ ಭಾರಕ್ಕೆ ಜೇಬು ಹರಿಯುತ್ತದೆ. ಬೈದು ಬೈದು ಸಾಕಾಗಿ ಅವನ ಅಂಗಿಗಳಿಗೆಲ್ಲ ಎರಡು ಪದರದ ಜೇಬು ಹೊಲಿಯುತ್ತೇನೆ ಅಂದೆ.

ಅವರು ಪೆನ್ನು ಕೆಳಗಿಟ್ಟರು. "ಆ ದಿನದ ಅಂಗಿ ಎಲ್ಲಿದೆ?"

ನಮ್ಮ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿತ್ತು, ಪುಟ್ಟಾ. ಪೊಲೀಸರು ಬರುವ ಮೊದಲು ನೀನು ಬಿಚ್ಚಿ ನೇತುಹಾಕಿದ ಹಾಗೆಯೇ ಇತ್ತು. ಒಗೆಯಲು ನನಗೆ ಮನಸ್ಸಾಗಿರಲಿಲ್ಲ. ಲಾಯರಮ್ಮ ನನ್ನ ಜೊತೆಗೇ ಮನೆಗೆ ಬಂದರು, ಆದರೆ ಅದನ್ನು ಮುಟ್ಟಲಿಲ್ಲ. ನಮಗೆ ಸಂಬಂಧವಿಲ್ಲದ ಇಬ್ಬರನ್ನು ಕರೆಸಿ, ಅವರೆದುರೇ ಫೋಟೋ ತೆಗೆಸಿ, ಸೀಲು ಮಾಡಿಸಿದರು. ಫ್ಯೂಸ್ ಜೇಬಿನಲ್ಲೇ ಇತ್ತು. "ಇದೊಂದರಿಂದಲೇ ಗೆಲ್ತೀವಿ ಅನ್ಕೋಬೇಡಿ. ಆದ್ರೆ ಫ್ಯೂಸ್ ಇಲ್ಲಿದ್ರೆ ಲಿಫ್ಟ್ ಹೇಗೆ ಓಡ್ತು ಅಂತ ನಾನು ಕೇಳದೇ ಬಿಡಲ್ಲ" ಎಂದರು.

ನೀನು ಸವೆದ ಬ್ರೇಕಿಗೆ ಹೊಸ ಪಟ್ಟಿ ತರಲು ಹೋಗಿದ್ದಾಗ ಬೇರೆ ಫ್ಯೂಸ್ ಹಾಕಿಸಿದವರು ಯಾರೆಂದು ನಿನಗೆ ಗೊತ್ತು. ಗೊತ್ತಿದ್ದೇ ಬಾಯಿ ಹೊಲಿದುಕೊಂಡಿದ್ದೀಯೆ. "ಲಿಫ್ಟನ್ನ ಕೊನೆಗೆ ರಿಪೇರಿಗೆ ಮುಟ್ಟಿದವನದೇ ಹೊಣೆ" ಎಂದು ಯಜಮಾನರು ನಿನಗೆ ಹೇಳಿಕೊಟ್ಟಿದ್ದಾರಲ್ಲ, ಅದನ್ನು ಹೇಳಿಕೊಟ್ಟವರೇ ನಿನ್ನ ನಂತರ ಮುಟ್ಟಿದರೆ ಆ ಹೊಣೆ ಯಾರದು? ನಿನ್ನ ಮೇಲೆ ನನಗೆ ಕೆಂಡದಂಥ ಕೋಪವಿದೆ. ನೀನು ಜೈಲಿಗೆ ಹೋದರೆ ಅವರ ಋಣ ತೀರಬಹುದು. ಆದರೆ ನಾಳೆ ಇನ್ನೊಂದು ಕಟ್ಟಡದಲ್ಲಿ, ಇನ್ನೊಬ್ಬ ಮೆಕ್ಯಾನಿಕ್ ಆಚೆ ಹೋದಾಗ, ಅದೇ ಕೈ ಇನ್ನೊಂದು ಫ್ಯೂಸ್ ಹಾಕಿಸುತ್ತದೆ. ಒಳಗೆ ಯಾರದೋ ತಾಯಿ ನಿಂತಿರುತ್ತಾಳೆ. ಆ ಟೀಚರಿಗೂ ತನ್ನ ಕಾಲು ಮುರಿದದ್ದು ಹೇಗೆಂದು ತಿಳಿಯುವ ಹಕ್ಕಿದೆ. ಅವರ ಬಗ್ಗೆ ನೀನು ಅಳುತ್ತಿದ್ದೀಯೆ ಎಂದು ಕೇಳಿದೆ. ಅಳುವುದಕ್ಕಿಂತ ನಡೆದದ್ದನ್ನು ಹೇಳು.

ಯಜಮಾನರನ್ನು ಹಾಳು ಮಾಡು ಎಂದು ನಾನು ಹೇಳುತ್ತಿಲ್ಲ. ಅವರ ಹೊಣೆಯನ್ನು ಅವರಿಗೆ ಬಿಡು ಎನ್ನುತ್ತಿದ್ದೇನೆ. ಸೋತರೂ ಸೋಲೋಣ, ನಡೆದದ್ದನ್ನು ಹೇಳಿ ಸೋಲೋಣ. ಬೆಳಿಗ್ಗೆ ಲಾಯರಮ್ಮನ ಕಾಗದಕ್ಕೆ ಸಹಿ ಹಾಕು. ಮಧ್ಯಾಹ್ನ ಇನ್ನೊಬ್ಬರು ಬಂದಾಗ, ಹುಟ್ಟಿದಾಗಿನಿಂದ ನಿನ್ನ ಬಾಯಿಗೆ ಬಾರದ ಒಂದು ಮಾತನ್ನು ಹೇಳು. ಊಹೂಂ ಅನ್ನು. ಗಟ್ಟಿಯಾಗಿ ಅನ್ನು.

ಕೋರ್ಟಿಗೆ ಹಾಕಿಕೊಳ್ಳಲು ಹೊಸ ಅಂಗಿ ಹೊಲಿದಿದ್ದೇನೆ. ಕೋರ್ಟಿನಲ್ಲಿ ಯಾವ ಫ್ಯೂಸೂ ಇರುವುದಿಲ್ಲ, ಆದರೂ ಜೇಬಿಗೆ ಎರಡು ಪದರ ಕೊಟ್ಟಿದ್ದೇನೆ. ಕೇಸು ಮುಗಿದ ಮೇಲೆ ಕೆಲಸಕ್ಕೂ ಅದನ್ನೇ ಹಾಕಿಕೊಂಡು ಹೋಗುವೆಯಂತೆ.

ತಲೆ ಎತ್ತಿಕೊಂಡು ಬಾ, ನನ್ನ ಕಂದಾ. ನಿನ್ನ ಕೈಗೆ ಕೆಲಸ, ಬಾಯಿಗೆ ಧೈರ್ಯ ಸದಾ ಇರಲಿ.

ಬಾಗಿಲು ತೆರೆದಿಟ್ಟುಕೊಂಡು ಕೂತಿರುವ,
ನಿನ್ನ ಹಟಮಾರಿ ಅಕ್ಕ