ಮಾದರಿ ಚಾರ್ಟು

ಮಾರ್ಚ್ 14, ಗುರುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಭಾವನಿಗೂ ತಿಳಿಸು. ನನ್ನ ಮಗಳು ಪುಟ್ಟಿಗೆ ಒಂದು ಮುದ್ದು ಕೊಡು. ಹದಿನಾಲ್ಕು ತುಂಬಿದವರಿಗೆ ಮುದ್ದು ಬೇಡವಂತೆ, ಆದರೂ ಹಿಡಿದುಕೊಂಡು ಕೊಡು.

ಮೂರು ತಿಂಗಳಿಂದ ಒಂದು ಕಾಗದ ಇಲ್ಲ ಅಂತ ನೀನು ಮುಖ ಊದಿಸಿಕೊಂಡಿರೋದು ಇಲ್ಲಿಂದಲೇ ಕಾಣ್ತಿದೆ. ಫೋನಿನಲ್ಲಿ ಊಟ, ಚಳಿ, ಪುಟ್ಟಿಯ ಮಾರ್ಕ್ಸು ಅಂತ ಮಾತು ಮುಗಿಸಿಬಿಡ್ತೀನಿ. ನೀನು "ಏನೋ ಮುಚ್ಚಿಡ್ತಿದ್ದೀಯ ಕಣೇ" ಅಂತೀಯ. ಹೌದು, ಮುಚ್ಚಿಟ್ಟಿದ್ದೆ. ಫೋನಿನಲ್ಲಿ ಹೇಳೋಕೆ ಹೊರಟರೆ ನೀನು ನಡುವೆ ಬಾಯಿ ಹಾಕ್ತೀಯ, ನಾನು ಅಳ್ತೀನಿ, ಮಾತು ಎಲ್ಲಿಗೋ ಹೋಗುತ್ತೆ. ಅದಕ್ಕೇ ಬರೀತಿದ್ದೀನಿ. ತಡವಾಗಿದ್ದಕ್ಕೆ ಆಮೇಲೆ ಬೈಯುವಂತೆ, ಮೊದಲು ಪೂರ್ತಿ ಓದು.

ತಂಗಿ ದೊಡ್ಡ ಡಿಗ್ರಿ ಓದ್ತಿದ್ದಾಳೆ ಅಂತ ನೀನು ಹೊಲಿಸೋಕೆ ಬರೋರಿಗೆಲ್ಲ ಹೇಳ್ತಿದ್ದೀಯಂತೆ, ಪುಟ್ಟಿ ಚಾಡಿ ಹೇಳಿದಳು. ಇನ್ನೂ ಇಲ್ಲ ತಾಯಿ. ಹೊರದೇಶದಿಂದ ಬಂದೋರನ್ನ ಇಲ್ಲಿ ನೇರವಾಗಿ ಎಂ.ಎಸ್ಸಿ.ಗೆ ತಗೊಳ್ಳಲ್ಲ. ಮೊದಲು ಒಂದು ವರ್ಷ ಪೂರ್ವಸಿದ್ಧತಾ ತರಗತಿ. ಇವರ ರೀತಿಯಲ್ಲಿ ಓದೋದು, ಬರೆಯೋದು, ವಾದ ಮಾಡೋದು ಕಲಿತು ಪಾಸಾದರೆ ಒಳಗೆ. ಇಲ್ಲದಿದ್ದರೆ ಪೆಟ್ಟಿಗೆ ಕಟ್ಟು.

ನಮ್ಮ ಕ್ಲಾಸು ಬಸ್ ಡಿಪೋ ಎದುರಿನ ಕಟ್ಟಡದಲ್ಲಿ, ಮೂರನೇ ಮಹಡಿ. ಕಿಟಕಿ ತೆಗೆದರೆ ಹೊಗೆ, ಮುಚ್ಚಿದರೆ ಹದಿನೆಂಟು ಜನರ ಉಸಿರು. ಹದಿನೆಂಟು ಜನಕ್ಕೂ ಅವರವರ ಊರಿನಲ್ಲಿ ಒಂದು ಕುರ್ಚಿ ಇತ್ತು, ಇಲ್ಲಿ ಎಲ್ಲರೂ ಬೆಂಚು. ನನ್ನ ಪಕ್ಕ ಕೂರೋರು ಹಲ್ಲಿನ ಡಾಕ್ಟರು. ಇಪ್ಪತ್ತು ವರ್ಷ ಬೇರೆಯವರ ಬಾಯಿ ತೆಗೆಸಿದ ಮನುಷ್ಯ, ಇಲ್ಲಿ ತಾನು ಬಾಯಿ ಬಿಡಲ್ಲ. ನಾನು ಬಿಡ್ತೀನಿ, ನಿನಗೆ ಗೊತ್ತಲ್ಲ.

ಬರವಣಿಗೆ ಕಲಿಸೋ ಮೇಷ್ಟ್ರು ನನಗಿಂತ ಚಿಕ್ಕೋರು. ಒಳ್ಳೆಯವರೇ. ಆದರೆ ಏನು ಬರೆದರೂ ಒಂದೇ ಪ್ರಶ್ನೆ: "ಆಧಾರ ಎಲ್ಲಿ?" ಡಿಸೆಂಬರಿನಲ್ಲಿ ಕೊನೆಯ ಪ್ರಬಂಧ ಕೊಟ್ಟರು. ನಿಮ್ಮ ನಿಮ್ಮ ಕೆಲಸದ ಬಗ್ಗೆ ಅಚ್ಚಾಗಿರೋ ಒಂದು ಸಂಶೋಧನೆ ಹುಡುಕಿ, ಅದು ಎಷ್ಟು ಸರಿ ಅಂತ ಪರೀಕ್ಷೆ ಮಾಡಿ ಬರೀರಿ ಅಂದರು. ಇದರಲ್ಲಿ ಪಾಸಾದರೆ ಸೀಟು ಗ್ಯಾರಂಟಿ.

ನಾನು ಹೆರಿಗೆ ವಾರ್ಡಿನ ನರ್ಸ್ ತಾನೇ, ಅದರ ವಿಷಯವೇ ಹುಡುಕಿದೆ. ಸಿಕ್ಕಿತು. ಓದ್ತಾ ಓದ್ತಾ ಎದ್ದು ನಿಂತುಬಿಟ್ಟೆ ಅಕ್ಕ. ಒಂದು ಸರ್ಕಾರಿ ಆಸ್ಪತ್ರೆ, ಹನ್ನೆರಡು ಹಾಸಿಗೆ, ಇಬ್ಬರು ನರ್ಸ್. ಒಳಗೆ ‘ಮಾದರಿ ಚಾರ್ಟು’ ಅಂತ ಒಂದು ಫೋಟೋ ಬೇರೆ. ಅದರಲ್ಲಿರೋ ಅಕ್ಷರ ನನ್ನದು. ನಾನು ಬರೆಯೋ ನಾಲ್ಕನ್ನ ನೋಡಿ ನೀನು ಕಾಲು ಮುರಿದ ಕುರ್ಚಿ ಅಂತ ನಗ್ತಿದ್ದೆಯಲ್ಲ, ಅದೇ ನಾಲ್ಕು.

ಯಾರೋ ಇಬ್ಬರು ಬಂದು ನಮ್ಮ ವಾರ್ಡಿನ ಹಳೇ ಚಾರ್ಟುಗಳನ್ನ ಫೋಟೋ ಹೊಡ್ಕೊಂಡು ಹೋಗಿದ್ದು ನೆನಪಿದೆ. ಅವರು ಏನು ಬರೆದಿದ್ದಾರೆ ಗೊತ್ತಾ? ಹೆರಿಗೆ ನೋವಿನಲ್ಲಿರೋರ ಹೊಟ್ಟೆಗೆ ಕಿವಿಗೊಟ್ಟು ಮಗುವಿನ ಎದೆಬಡಿತವನ್ನ ಅರ್ಧ ಗಂಟೆಗೊಮ್ಮೆ ಎಣಿಸಬೇಕು, ಈ ವಾರ್ಡಿನಲ್ಲಿ ಒಂದೂ ತಪ್ಪದೆ ಎಣಿಸಿದ್ದಾರೆ, ಆದ್ದರಿಂದ ಹನ್ನೆರಡು ಹಾಸಿಗೆಗೆ ಇಬ್ಬರು ನರ್ಸ್ ಸಾಕು ಅಂತ. ನಮಗೆ ಮೂರನೆಯವಳು ಬೇಕು ಅಂತ ಅರ್ಜಿ ಕೊಟ್ಟಾಗಲೆಲ್ಲ ಮೇಲಿನವರು "ಇಬ್ಬರೇ ಚೆನ್ನಾಗಿ ನಿಭಾಯಿಸ್ತಿದ್ದೀರಲ್ಲ" ಅಂತ ವಾಪಸ್ ಕಳಿಸ್ತಿದ್ದಿದ್ದು ಯಾಕೆ ಅಂತ ಈಗ ಗೊತ್ತಾಯ್ತು.

ನಿಭಾಯಿಸ್ತಿದ್ದೆವಾ? ಮೂರು ಸಲ ಕೇಳಿ ಹತ್ತು ಸಲ ಬರೀತಿದ್ದೆವು. ಡ್ಯೂಟಿ ಮುಗಿಯೋ ಹೊತ್ತಿಗೆ ಇಬ್ಬರೂ ಕೂತು ಚಾರ್ಟಿನ ಖಾಲಿ ಮನೆಗಳನ್ನೆಲ್ಲ ತುಂಬೋದು. 138, 142, 140, ಮತ್ತೆ 138. ಹಿರಿಯ ಸಿಸ್ಟರು ಕಲಿಸಿದ್ದೇ ಹಾಗೆ. ಖಾಲಿ ಬಿಟ್ಟರೆ ಮೆಮೋ ಬರ್ತಿತ್ತು, ತುಂಬಿದರೆ ಯಾರೂ ಕೇಳ್ತಿರಲಿಲ್ಲ. ಸೋಮಾರಿತನ ಅಲ್ಲ ಅಕ್ಕ. ಒಬ್ಬಳು ಹೆರ್ತಿರುವಾಗ ಇನ್ನೊಬ್ಬಳ ಹತ್ತಿರ ಹೋಗೋಕೆ ಆಗ್ತಿರಲಿಲ್ಲ.

ನಾನು ಪ್ರಬಂಧದಲ್ಲಿ ನೇರವಾಗಿ ಬರೆದೆ: ‘ಈ ಅಂಕಿಗಳು ಸುಳ್ಳು. ಬರೆದವಳು ನಾನು.’

ಮೇಷ್ಟ್ರು ಕರೆದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕ್ಕೊಂಡರು.

"ಇದಕ್ಕೆ ಆಧಾರ?"

"ನಾನೇ ಸರ್."

"ನೀವು ಆಧಾರ ಆಗೋಕಾಗಲ್ಲ. ಎಲ್ಲಾದರೂ ಅಚ್ಚಾಗಿರಬೇಕು."

"ಅವರು ಅಚ್ಚು ಹಾಕಿಸಿರೋದು ನಾನು ಬರೆದಿದ್ದನ್ನೇ ಅಲ್ವಾ ಸರ್? ನಾನು ಸುಳ್ಳು ಬರೆದಾಗ ಆಧಾರ, ನಿಜ ಹೇಳಿದಾಗ ಅಲ್ಲವಾ?"

ಪಾಪ, ಮತ್ತೆ ಕನ್ನಡಕ ತೆಗೆದರು. "ನನಗೆ ನಿಮ್ಮ ಮೇಲೆ ನಂಬಿಕೆ ಇದೆ, ಆದರೆ ನಂಬಿಕೆಗೆ ಅಂಕ ಕೊಡೋಕಾಗಲ್ಲ" ಅಂದರು. ನನಗೆ ರೇಗಿಹೋಯ್ತು. ಆಧಾರ ತಾನೇ ಬೇಕು, ತಂದು ಮುಖದ ಮುಂದೆ ಹಿಡೀತೀನಿ ಅಂತ ಎದ್ದು ಬಂದೆ.

ಆಧಾರ ಆ ಇಬ್ಬರ ಸಂಶೋಧನೆಯಲ್ಲೇ ಇತ್ತು. ಎಣಿಸೋ ಕ್ರಮ ಏನು ಅಂತ ಅವರೇ ಬರೆದಿದ್ದಾರೆ: ಹದಿನೈದು ಸೆಕೆಂಡು ಕೇಳಿ, ಬಂದಿದ್ದನ್ನ ನಾಲ್ಕರಿಂದ ಗುಣಿಸೋದು. ನಮ್ಮ ವಾರ್ಡಿನ ಕ್ರಮ ಅದೇ. ಹಾಗೆ ಎಣಿಸಿದರೆ 136 ಬರಬಹುದು, 140 ಬರಬಹುದು. 138 ಹೇಗೆ ಬರುತ್ತೆ? ಯಾವ ಮಗುವಿನ ಎದೆಯೂ ಮೂವತ್ತನಾಲ್ಕೂವರೆ ಸಲ ಬಡಿಯಲ್ಲ. ಕೊನೆಯಲ್ಲಿ ಕೊಟ್ಟಿದ್ದ ಅಂಕಿಪಟ್ಟಿಯನ್ನೆಲ್ಲ ಹಲ್ಲಿನ ಡಾಕ್ಟರೂ ನಾನೂ ನಾಲ್ಕು ಭಾನುವಾರ ಲೈಬ್ರರಿಯಲ್ಲಿ ಕೂತು ನಾಲ್ಕರಿಂದ ಭಾಗಿಸಿದೆವು. ಅರ್ಧಕ್ಕಿಂತ ಹೆಚ್ಚು ಅಂಕಿ ಭಾಗವಾಗಲಿಲ್ಲ. ಡಾಕ್ಟರು ಬಾಯಿ ಬಿಟ್ಟಿದ್ದು ಆವತ್ತೇ. "ಸಿಸ್ಟರ್, ಇವರ ಹುಳುಕು ಹಲ್ಲು ಸಿಕ್ಕಿತು" ಅಂದರು.

ನಾಳೆ ತರಗತಿಗಳ ಮುಖ್ಯಸ್ಥೆ ನನ್ನನ್ನ ಕರೆದಿದ್ದಾರೆ. ಉಳಿದಿದ್ದು ಆಮೇಲೆ ಬರೀತೀನಿ.

ಶನಿವಾರ

ನಿನ್ನೆ ಹೋಗಿಬಂದೆ. ನೀನು ಹೊಲಿದುಕೊಟ್ಟ ನೀಲಿ ಕೋಟು ಹಾಕ್ಕೊಂಡಿದ್ದೆ. ಮೇಜಿನ ಆಚೆ ಮುಖ್ಯಸ್ಥೆ, ಅವರ ಪಕ್ಕ ಮೇಷ್ಟ್ರು. ಮುಖ್ಯಸ್ಥೆ ತೂಕವಾಗಿ ಮಾತಾಡೋ ಹೆಂಗಸು. ನನ್ನ ಪ್ರಬಂಧವನ್ನ ಸಾಲು ಸಾಲಾಗಿ ಓದಿದ್ದರು.

"ಈ ವರ್ಷ ಇಷ್ಟು ಗಟ್ಟಿಯಾದ ಪ್ರಬಂಧ ಬಂದಿಲ್ಲ," ಅಂದರು. ನಾನು ಒಳಗೊಳಗೇ ಉಬ್ಬಿಹೋದೆ. ಆಮೇಲೆ ಅಂದರು: "ನಾಲ್ಕರ ವಾದ ಒಂದೇ ಸಾಕು. ‘ಬರೆದವಳು ನಾನು’ ಅನ್ನೋ ಸಾಲು ತೆಗೆದುಬಿಡಿ."

"ಯಾಕೆ ತೆಗೀಬೇಕು ಮೇಡಂ?"

ಅವರು ಮುಚ್ಚುಮರೆ ಇಲ್ಲದೆ ಹೇಳಿದರು. ಆ ಸಾಲು ಇದ್ದರೆ ಅದು ತಪ್ಪೊಪ್ಪಿಗೆ. ರೋಗಿಯ ದಾಖಲೆ ತಿದ್ದಿದ್ದೀನಿ ಅಂತ ಒಬ್ಬ ನರ್ಸ್ ಬರೆದುಕೊಟ್ಟರೆ ಅವರು ನಮ್ಮ ದೇಶದ ನರ್ಸಿಂಗ್ ಮಂಡಳಿಗೆ ತಿಳಿಸಲೇಬೇಕು. ಮಂಡಳಿ ವಿಚಾರಣೆ ಮುಗಿಸೋವರೆಗೆ ನನ್ನ ನೋಂದಣಿ ತಡೆಹಿಡೀತಾರೆ. ನೋಂದಣಿ ಇಲ್ಲದೆ ಎಂ.ಎಸ್ಸಿ. ಸೀಟಿಲ್ಲ. ಸಾಲು ಇಲ್ಲದಿದ್ದರೆ ಯಾರಿಗೂ ಏನೂ ತಿಳಿಸಬೇಕಾಗಿಲ್ಲ, ಸೋಮವಾರವೇ ಸೀಟಿನ ಪತ್ರ ಕೈಗೆ ಬರುತ್ತೆ.

"ಒಂದೇ ಒಂದು ಸಾಲು," ಅಂದರು ಮೇಷ್ಟ್ರು. ನನಗಿಂತ ಅವರಿಗೇ ಹೆಚ್ಚು ಸಂಕಟ ಆಗ್ತಿತ್ತು.

ಅಕ್ಕ, ಅವರು ನನಗೆ ಒಳ್ಳೇದು ಮಾಡೋಕೆ ಹೇಳಿದ್ದು. ಅದೇ ನನಗೆ ತಡೆಯೋಕಾಗಲಿಲ್ಲ. ಹದಿನೈದು ವರ್ಷ ನನಗೆ ಒಳ್ಳೇದು ಮಾಡೋರೆಲ್ಲ ಇದನ್ನೇ ಹೇಳಿದ್ದಾರೆ. ಹಿರಿಯ ಸಿಸ್ಟರು ತುಂಬಿಬಿಡು ಅಂದರು, ಇವರು ತೆಗೆದುಬಿಡು ಅಂತಿದ್ದಾರೆ. ಎರಡಕ್ಕೂ ಏನು ವ್ಯತ್ಯಾಸ?

ನಾನು ಹೇಳಿದೆ: "ಮೇಡಂ, ಆ ಸಾಲು ತೆಗೆದರೆ ಯಾರೋ ಎಲ್ಲೋ ಸುಳ್ಳು ಬರೆದರು ಅಂತ ಆಗುತ್ತೆ. ಓದಿದೋರು ಆ ಇಬ್ಬರು ನರ್ಸ್ ಕಳ್ಳಿಯರು ಅಂತ ನಗ್ತಾರೆ, ಹಾಸಿಗೆ ಹನ್ನೆರಡೇ ಇರುತ್ತೆ, ನರ್ಸ್ ಇಬ್ಬರೇ ಇರ್ತಾರೆ. ಯಾಕೆ ಬರೆದೆವು ಅಂತ ಹೇಳೋಕೆ ಬರೆದೋಳೇ ಬೇಕು. ಆ ಸಾಲು ಇರುತ್ತೆ. ಅದರ ಕೆಳಗೆ ನನ್ನ ನೋಂದಣಿ ಸಂಖ್ಯೆಯನ್ನೂ ಸೇರಿಸ್ತೀನಿ, ಹುಡುಕೋ ಕಷ್ಟ ಬೇಡ."

ಮುಖ್ಯಸ್ಥೆ ಪ್ರಬಂಧವನ್ನ ನನ್ನ ಕಡೆ ತಳ್ಳಿದರು. "ಯೋಚನೆ ಮಾಡೋಕೆ ವಾರ ತಗೊಳ್ಳಿ," ಅಂದರು. ಬೇಡ ಅಂದೆ. ಅಲ್ಲೇ ಪೆನ್ನು ಇಸ್ಕೊಂಡು ಸಂಖ್ಯೆ ಬರೆದು ಸಹಿ ಹಾಕಿದೆ. ಮೇಷ್ಟ್ರು ಬಾಗಿಲವರೆಗೂ ಬಂದರು, ಏನೋ ಹೇಳೋಕೆ ಹೊರಟು ನನ್ನ ಕೋಟು ಚೆನ್ನಾಗಿದೆ ಅಂತ ಹೇಳಿ ಹೋದರು.

ಸೋಮವಾರ ಪತ್ರ ಬರಲ್ಲ. ಮಂಡಳಿಯವರು ಏನು ಮಾಡ್ತಾರೋ ಮಾಡಲಿ. ನೋಂದಣಿ ತೆಗೆದರೆ ಬಾಲ ಮುದುರಿಕೊಂಡು ಬರ್ತೀನಿ ಅಂತ ತಿಳ್ಕೋಬೇಡ, ಆ ಸಂಶೋಧನೆ ಅಚ್ಚು ಹಾಕಿದೋರಿಗೂ ನಿನ್ನೆಯೇ ಬರೆದು ಹಾಕಿದ್ದೀನಿ. ಒಂದೊಂದು ಅಂಕಿಗೂ ಉತ್ತರ ಹೇಳಿಸಿ ಬರ್ತೀನಿ. ಹಡಗಿನ ಡ್ಯೂಟಿಯಿಂದ ನಮ್ಮ ಯಜಮಾನರು ಫೋನ್ ಮಾಡಿದ್ದರು, "ನಿನ್ನ ಮೊಂಡುತನಕ್ಕೆ ಮದ್ದಿಲ್ಲ" ಅಂದರು. ಬೇಡ ಅಂತ ಮಾತ್ರ ಅನ್ನಲಿಲ್ಲ.

ಪುಟ್ಟಿಗೆ ನನ್ನ ಆಶೀರ್ವಾದ. ಗಣಿತದಲ್ಲಿ ನಾಲ್ಕರ ಮಗ್ಗಿ ಯಾಕೆ ಬೇಕು ಅಂತ ಕೇಳಿದರೆ ಈ ಕಾಗದದ ಆ ಭಾಗ ಓದಿ ಹೇಳು. ಭಾವ ಬೆನ್ನುನೋವಿಗೆ ಮಾತ್ರೆ ನುಂಗೋದು ಬಿಟ್ಟು ವ್ಯಾಯಾಮ ಮಾಡಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಹರಸಿದರೆ ಸಾಕು, ಉಳಿದಿದ್ದನ್ನ ನಾನು ನೋಡ್ಕೋತೀನಿ.

ನಿನ್ನ ಮೊಂಡಿ ತಂಗಿ

ವಿ.ಸೂ. ಇದನ್ನ ಮೊದಲೇ ಬರೆದಿದ್ದರೆ ನೀನು ಉಳಿದಿದ್ದನ್ನ ಓದ್ತಿರಲಿಲ್ಲ. ಆ ಮಾದರಿ ಚಾರ್ಟು ನಿನ್ನದು ಅಕ್ಕ. ಹೆಸರು ಅಳಿಸಿದ್ದಾರೆ. ತಾರೀಕು ಇದೆ, ಏಳನೇ ಹಾಸಿಗೆ, ವಯಸ್ಸು ಇಪ್ಪತ್ತೊಂಬತ್ತು, ಮೊದಲ ಹೆರಿಗೆ. ಎಲ್ಲಕ್ಕಿಂತ ನೀಟಾಗಿ ತುಂಬಿದ ಚಾರ್ಟು ಅಂತ ಅದನ್ನೇ ಆರಿಸಿದ್ದಾರೆ. ಮಗು ಏನಾಯ್ತು ಅನ್ನೋದು ಹಾಳೆಯ ಹಿಂಬದಿ ಇರುತ್ತೆ, ಅದನ್ನ ಹಾಕಿಲ್ಲ. ಆ ಮಧ್ಯಾಹ್ನ ಎಂಟನೇ ಹಾಸಿಗೆಯವಳಿಗೆ ರಕ್ತ ನಿಲ್ತಿರಲಿಲ್ಲ. ನೀನೇ "ನನಗೇನಾಗಿಲ್ಲ, ಮೊದಲು ಅವಳನ್ನ ನೋಡೇ" ಅಂದೆ. ಹೋದೆ. ಒಂದರಿಂದ ಐದು ಗಂಟೆಯವರೆಗೆ ನಿನ್ನ ಹೊಟ್ಟೆಗೆ ಕಿವಿಗೊಟ್ಟಿದ್ದು ಎರಡೇ ಸಲ. ಉಳಿದಿದ್ದನ್ನೆಲ್ಲ ಮಗು ಹೋದ ಮೇಲೆ ಕೂತು ಬರೆದೆ. ಕೇಳಿದ್ದರೆ ಉಳೀತಿತ್ತಾ ಅಂತ ನನಗೆ ಗೊತ್ತಿಲ್ಲ. ಆವತ್ತು ಬೆಳಗ್ಗೆ ನೀನು ಹೊಲಿಗೆ ಮೆಷಿನ್ ಎತ್ತಿ ಕಿಟಕಿ ಪಕ್ಕ ಇಟ್ಟಿದ್ದಕ್ಕೇ ಹೀಗಾಯ್ತು ಅಂತ ನಿಮ್ಮತ್ತೆ ಅಂದರು, ನೀನೂ ಹನ್ನೊಂದು ವರ್ಷದಿಂದ ಅದನ್ನೇ ಅಂತೀಯ, ನಾನು ಪಕ್ಕದಲ್ಲೇ ಕೂತು ತುಟಿ ಪಿಟಕ್ಕೆನ್ನಲಿಲ್ಲ. ಮೆಷಿನ್ ಎತ್ತಿದ್ದಕ್ಕೆ ಆಗಿದ್ದಲ್ಲ ಅಕ್ಕ. ಇನ್ನು ಯಾರಾದರೂ ಹಾಗಂದರೆ ಈ ಕಾಗದ ತೋರಿಸು, ನನ್ನ ಸಹಿ ಇದೆ.