ನಾಲ್ಕನೆಯ ಕಥೆಯ ಬೀಗ

ಕೋಥರೂಡ, ಪುಣೆ
12 ಅಕ್ಟೋಬರ್ 2025, ರವಿವಾರ

ಪ್ರೀತಿಯ ನೀತಾ,

ಈ ಪತ್ರವನ್ನು ನಿನಗೆ ಓದಿ ಹೇಳುವವರು ಸಾವಂತ್ರವ್ವ ಅತ್ತೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಿಮ್ಮಪ್ಪ ತೀರಿಕೊಂಡ ಮೇಲೆ ಅವರು ಗದಗಿನಿಂದ ಬಂದು ನಿಗಡಿಯ ಹೊಸ ಮನೆಯಲ್ಲಿ ನಿನ್ನ ಜೊತೆಗಿರುವುದು ಎಷ್ಟು ಒಳ್ಳೆಯದಾಯಿತು! ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎಂದು ಒಂದೇ ಬಿಲ್ಡಿಂಗಿನಲ್ಲಿ ಬೆಳೆದವರು ನಾವು. ನಮ್ಮಪ್ಪ ಹಟ ಹಿಡಿದು ನನಗೆ ಕನ್ನಡ ಅಕ್ಷರ ಕಲಿಸಿದರು, ನಿನಗೆ ಯಾರೂ ಕಲಿಸಲಿಲ್ಲ. ಮರಾಠಿಯಲ್ಲೇ ಬರೆಯೋಣವೆಂದು ಕೂತೆ, ರಜೆಯ ಅರ್ಜಿಯಂತಾಯಿತು. ಹರಿದು ಹಾಕಿದೆ. ಅತ್ತೀ, ಒಂದ ಮಾತು: ಕಡೀತನಕಾ ಓದ್ರಿ. ನಡುವ ಎಲ್ಲೂ ನಿಲ್ಲಸಬ್ಯಾಡ್ರಿ.

ಶುಕ್ರವಾರ ಫೋನ್ ಮಾಡಿದ್ದೂ ಇದಕ್ಕೇ. ನಿನ್ನ ದನಿ ಕೇಳಿದ್ದೇ ತಡ, ಚಕ್ಕಲಿ ಹಿಟ್ಟಿನ ಅಳತೆ ಕೇಳಿ ಇಟ್ಟುಬಿಟ್ಟೆ. ನಾನು ಚಕ್ಕಲಿ ಮಾಡುವವಳಲ್ಲವೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ವಿಷಯ ಇಷ್ಟು. ನನ್ನ ಕಥೆಯೊಂದು ಮರಾಠಿಗೆ ಅನುವಾದವಾಗಿ ದೀಪಾವಳಿ ವಿಶೇಷಾಂಕದಲ್ಲಿ ಬಂದಿದೆ. ನಿಮ್ಮ ಆಫೀಸಿನವರು ಪ್ರತಿ ವರ್ಷ ಆ ಅಂಕ ಕೊಂಡು ಒಬ್ಬರಿಂದೊಬ್ಬರಿಗೆ ದಾಟಿಸುತ್ತಾರೆ. ಇಂದಲ್ಲ ನಾಳೆ ನಿನ್ನ ಮೇಜಿಗೂ ಬರುತ್ತದೆ. ಕಥೆಯ ಮೇಲೆ ಅರ್ಧ ಪುಟದ ಚಿತ್ರವಿದೆ: ಹಳದಿ ಬಾಗಿಲು, ಹೊರಗಡೆ ದೊಡ್ಡ ಬೀಗ. ಹೆಸರು ಬದಲಿಸಿದ್ದೇನೆ. ಬಾಗಿಲಿನ ಬಣ್ಣ ಬದಲಿಸಲು ಮನಸ್ಸು ಬರಲಿಲ್ಲ.

ನಮ್ಮ ಬಿಬವೇವಾಡಿಯ ಬಿಲ್ಡಿಂಗಿನ ಕುರಿತು ನಾನು ಪುಸ್ತಕ ಬರೆಯುತ್ತಿರುವುದು ನಿನಗೆ ಗೊತ್ತು. ಎಂಟು ಕಥೆಗಳು, ಆದರೆ ಬಿಡಿ ಕಥೆಗಳಲ್ಲ. ಒಂದರ ಮಂದಿ ಇನ್ನೊಂದರಲ್ಲಿ ಹಾದುಹೋಗುತ್ತಾರೆ. ಒಂದರಲ್ಲಿ ಎದ್ದ ಪ್ರಶ್ನೆಗೆ ಇನ್ನೊಂದರಲ್ಲಿ ಉತ್ತರ ಸಿಗುತ್ತದೆ. ಮೊದಲ ಕಥೆಯಲ್ಲಿ ನಿಮ್ಮಪ್ಪ, ನಮ್ಮ ಸಿದ್ದಲಿಂಗಪ್ಪ ಕಾಕಾ, ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತು ಮಕ್ಕಳಿಗೆಲ್ಲ ಪೆಪ್ಪರಮಿಂಟು ಹಂಚುತ್ತಾರೆ. ನಾಲ್ಕನೆಯದರಲ್ಲಿ ಅವರಿಗೆ ಮರೆವು. ಮಗಳು ಹೊರಗಿನಿಂದ ಬೀಗ ಹಾಕಿ ಆಫೀಸಿಗೆ ಹೋಗುತ್ತಾಳೆ, ಅವರು ಒಳಗಿನಿಂದ ಬಾಗಿಲು ಬಡಿಯುತ್ತಾರೆ. ಕಥೆ ಹೇಳುವವಳು ಎದುರು ಮನೆಯವಳು. ಅವಳಿಗೆ ಕಾಣುವುದು ಬೀಗ, ಕೇಳುವುದು ಬಡಿತ. ಕಥೆ ಅಲ್ಲಿಗೇ ಮುಗಿಯುತ್ತದೆ.

ಅತ್ತೀ, ಇಲ್ಲೇ ನಿಂದರಬ್ಯಾಡ್ರಿ. ಬೀಗದ ಸಂಗತಿ ನಿಮಗ ನೀತಾನ ಹೇಳ್ಯಾಳ. ನೀರ ಕುಡದು ಮುಂದ ಓದ್ರಿ.

ಆ ಎದುರು ಮನೆ ನಮ್ಮವ್ವನದು, ನಿನಗೆ ಬಿಡಿಸಿ ಹೇಳಬೇಕಿಲ್ಲ. ಅಂಗಡಿ ತೆರೆಯುವ ಹೊತ್ತಾಯಿತು, ಬಾಗಿಲು ತೆಗೆಯಿರಿ ಎಂದು ಕಾಕಾ ಕನ್ನಡದಲ್ಲಿ ಕೂಗುತ್ತಿದ್ದುದನ್ನು ತವರಿಗೆ ಹೋದಾಗ ನಾನೂ ಕೇಳಿದ್ದೇನೆ. ಒಮ್ಮೆ ಮೇಲಿನ ಮನೆಯವರು ಇಳಿದು ಬಂದು, ಅಜ್ಜ ಏನನ್ನುತ್ತಿದ್ದಾರೆ ಎಂದು ಮರಾಠಿಯಲ್ಲಿ ಕೇಳಿದರು. ಏನಿಲ್ಲ, ದೇವರ ನಾಮ ಹೇಳುತ್ತಿದ್ದಾರೆ ಎಂದುಬಿಟ್ಟಳು ಅವ್ವ. ನಿನ್ನ ಮಾನ ಕಾಯಲು ಅವಳಿಗೆ ತೋಚಿದ್ದು ಅದೊಂದೇ. ನಾನು ನೋಡು, ಅದನ್ನೇ ಅಚ್ಚು ಹಾಕಿಸಿದೆ.

ಕಾಕಾ ಮನೆಯಿಂದ ತಪ್ಪಿಸಿಕೊಂಡು, ಗದಗಿನ ಬಸ್ಸು ಹುಡುಕುತ್ತ ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದು ನನಗೆ ಗೊತ್ತು. ನೋಡಿಕೊಳ್ಳಲು ಇಟ್ಟ ಹೆಂಗಸು ವಾರವೂ ನಿಲ್ಲಲಿಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ನಿನ್ನ ಸ್ಕೂಟರ್ ತಪ್ಪದೆ ಬರುತ್ತಿದ್ದುದು ಇಡೀ ಬಿಲ್ಡಿಂಗಿಗೇ ಗೊತ್ತು. ನಾಲ್ಕನೆಯ ಕಥೆಯಲ್ಲಿ ಆ ಸ್ಕೂಟರ್ ಇಲ್ಲ. ಬೇಕೆಂದೇ ಇಡಲಿಲ್ಲ, ಏಳನೆಯದಕ್ಕೆಂದು ಎತ್ತಿಟ್ಟೆ. ಏಳನೆಯದು ನಿನ್ನ ಕಥೆ. ಅದೇ ಬಾಗಿಲು, ಆದರೆ ಒಳಗಿನಿಂದ. ಓದುವವರು ಮೊದಲು ಆ ಮಗಳನ್ನು ಬೈದುಕೊಳ್ಳಲಿ, ಏಳನೆಯದಕ್ಕೆ ಬಂದಾಗ ತಾವೇ ತಲೆ ತಗ್ಗಿಸಲಿ ಎಂಬುದು ನನ್ನ ಜಾಣತನ. ಅದಕ್ಕಾಗಿ ನಾಲ್ಕನೆಯದನ್ನು ತಿದ್ದಿ ತಿದ್ದಿ ಇನ್ನಷ್ಟು ಕಠಿಣ ಮಾಡಿದೆ.

ಅಷ್ಟು ಧೈರ್ಯ ಬಂದದ್ದು ಕನ್ನಡದಲ್ಲಿ ಬರೆಯುತ್ತಿದ್ದೇನೆಂದು. ಇಲ್ಲಿ ನಮ್ಮವರಿಗೆ ಕನ್ನಡ ಬಾಯಲ್ಲಿದೆ, ಕಣ್ಣಿಗೆ ಹತ್ತುವುದಿಲ್ಲ. ಯಾರೂ ಓದಲಾರರು ಎಂದು ಒಳಗೊಳಗೇ ನೆಮ್ಮದಿಯಿಂದಿದ್ದೆ. ಓಂಕಾರ್ ಎಂಬ ಅನುವಾದಕರು ವಿಶೇಷಾಂಕಕ್ಕೆ ಒಂದು ಕಥೆ ಬೇಕೆಂದಾಗ ಬರೆದಷ್ಟನ್ನೂ ಕೈಗಿಟ್ಟೆ. ಅವರು ನಾಲ್ಕನೆಯದನ್ನು ಆರಿಸಿದರು. ಮರಾಠಿಯಲ್ಲಿ ನನ್ನ ಹೆಸರು ಬರುತ್ತದೆಂದು ಕುಣಿದಾಡಿ ಒಪ್ಪಿದೆ. ನಿನ್ನ ನೆನಪಾದದ್ದು ಅಚ್ಚಾದ ಚಿತ್ರ ನೋಡಿದಾಗ.

ಸಂಪಾದಕರ ಬಳಿಗೆ ಓಡಿದೆ. ಇದು ಒಂಟಿ ಕಥೆಯಲ್ಲ, ಏಳನೆಯದು ಜೊತೆಗಿಲ್ಲದಿದ್ದರೆ ಬರೀ ಚಾಡಿಯಾಗುತ್ತದೆ ಎಂದೆ. ಅಂಕ ಆಗಲೇ ಅಂಗಡಿಗಳಿಗೆ ಹೋಗಿತ್ತು. ಅವರು ಚಹಾ ತರಿಸಿ, ಒಳ್ಳೆಯ ಕಥೆಗೆ ಆಸರೆ ಬೇಕಿಲ್ಲ, ನಿಮ್ಮದು ತಾನೇ ನಿಂತಿದೆ ಎಂದು ಹೊಗಳಿದರು. ನಿಂತಿದೆ ನಿಜ, ನಿನ್ನ ಎದೆಯ ಮೇಲೆ. ಚಹಾ ಕುಡಿದು ಎದ್ದು ಬಂದೆ.

ಈಗ ನನ್ನ ಕೈಯಲ್ಲಿ ಏನೂ ಉಳಿದಿಲ್ಲ. ಹುಚ್ಚಿಯ ಹಾಗೆ ಇಲ್ಲಿಯ ಪುಸ್ತಕದ ಅಂಗಡಿಯಲ್ಲಿದ್ದ ಪ್ರತಿಗಳನ್ನೆಲ್ಲ ಕೊಂಡು ತಂದೆ. ಮರುದಿನ ಅಂಗಡಿಯವನು ಹೊಸ ಕಟ್ಟು ತರಿಸಿ, ಈ ಸಲ ಈ ಅಂಕಕ್ಕೆ ಭಾರಿ ಬೇಡಿಕೆ ಎಂದು ಮುಂದುಗಡೆಯೇ ಜೋಡಿಸಿಟ್ಟಿದ್ದಾನೆ.

ಓದಬೇಡ ಎನ್ನಲಾರೆ. ಓದು ಎನ್ನಲೂ ಆಗುತ್ತಿಲ್ಲ. ಓದಿದರೆ ಇಷ್ಟು ನೆನಪಿಡು: ಅದು ಎದುರು ಮನೆಯವಳಿಗೆ ಕಂಡಷ್ಟು. ನೀನು ಅಲ್ಲಿ ಇಲ್ಲ. ನನಗೆ ಭಯವಾಗಿದೆ, ನೀತಾ. ಬೈದರೆ ಬೈಸಿಕೊಳ್ಳುತ್ತೇನೆ. ಸುಮ್ಮನಾಗಿಬಿಟ್ಟರೆ ನಾನು ಯಾರ ಮನೆಗೆ ಹೋಗಲಿ?

ಅತ್ತೀ, ಓದಿದ್ದಕ್ಕ ಶರಣ್ರಿ. ಅಕೀ ಅಳಾಕತ್ತಿದ್ರ ಸ್ವಲ್ಪ ತಡದು ಕೆಳಗಿಂದೂ ಓದ್ರಿ.

ನಿನ್ನ,
ರೇಣು

ತಾ.ಕ.: ಏಳನೆಯ ಕಥೆ ಇದೆ ಎಂದೇ ಸಂಪಾದಕರಿಗೆ ಹೇಳಿದೆ. ಮೇಲೆ ನಿನಗೂ ಹಾಗೆಯೇ ಬರೆದೆ. ಇಲ್ಲ, ನೀತಾ. ಉಳಿದವೆಲ್ಲ ಮುಗಿದಿವೆ, ಅದೊಂದಕ್ಕೆ ಖಾಲಿ ಹಾಳೆ ಇಟ್ಟಿದ್ದೇನೆ, ಅದರ ಮೇಲೆ ‘ಸ್ಕೂಟರ್’ ಎಂಬ ಪದವಷ್ಟೇ ಇದೆ. ಎಷ್ಟು ಸಲ ಕೂತರೂ ನಾನು ಬಾಗಿಲ ಹೊರಗೇ ಉಳಿಯುತ್ತೇನೆ. ನೀನು ಬೀಗ ತೆಗೆದು ಒಳಗೆ ಹೋದಾಗ ಕಾಕಾ ಏನನ್ನುತ್ತಿದ್ದರು?